ಕೆಂಪು ಕಾಲಿನ ಮೇಜು

ಸೋಲ್ ನಗರದ ಮಾಂಗ್‌ವನ್ ಓಣಿಯಲ್ಲಿ ಬೊಮ್ಸೊಕ್‌ನ ಅಂಗಡಿಗೆ ಹೋದ ಯಾವ ಸಾಮಾನೂ ಹೋದ ಬಣ್ಣದಲ್ಲಿ ವಾಪಸು ಬರುತ್ತಿರಲಿಲ್ಲ. ಸ್ಟೂಲಿನ ಕಾಲು, ಸೌಟಿನ ಹಿಡಿ, ಹೂಕುಂಡದ ತಳ, ಕೈಗೆ ಸಿಕ್ಕಿದ್ದನ್ನೆಲ್ಲ ಬಣ್ಣದ ಬಕೆಟ್ಟಿನಲ್ಲಿ ಅರ್ಧ ಅದ್ದಿ ಎತ್ತುತ್ತಿದ್ದ. ಮೇಲೆ ಹಳೇ ಮರ, ಕೆಳಗೆ ಮಿರಮಿರ ಬಣ್ಣ. ಕೆಫೆಯವರು ಮುಗಿಬಿದ್ದು ಕೊಳ್ಳುತ್ತಿದ್ದರು. ಬಿಟ್ಟರೆ ಗಿರಾಕಿಯನ್ನೂ ಸೊಂಟದವರೆಗೆ ಅದ್ದಿ ಕಳಿಸುತ್ತಾನೆ ಎಂದು ಗೆಳೆಯ ಹಾರಿಮ್ ಓಣಿಯೆಲ್ಲ ಹೇಳಿಕೊಂಡು ನಗುತ್ತಿದ್ದ.

ಇವತ್ತು ಹಾರಿಮ್‌ಗೆ ನಗು ಬರಲಿಲ್ಲ. ಅಜ್ಜಿ ತೀರಿಕೊಂಡು ಇವತ್ತಿಗೆ ವರ್ಷ. ಸಂಜೆ ಎಡೆ ಇಡಬೇಕಾದದ್ದು ಅವಳ ಪುಟ್ಟ ಊಟದ ಮೇಜಿನ ಮೇಲೆ. ಅಲ್ಲಾಡುವ ಕಾಲು ಸರಿಮಾಡಿಕೊಡಲೆಂದು ಮೊನ್ನೆ ಅದನ್ನು ಬೊಮ್ಸೊಕ್‌ಗೆ ಕೊಟ್ಟಿದ್ದ. ಈಗ ನಾಲ್ಕೂ ಕಾಲು ಅರ್ಧದವರೆಗೆ ರಕ್ತಗೆಂಪು.

ಸತ್ತವರ ಎಡೆಗೆ ಕೆಂಪು ಸಲ್ಲದು. ಕೆಂಪು ಕಂಡರೆ ಆತ್ಮ ಬಾಗಿಲಿಂದಲೇ ತಿರುಗಿ ಹೋಗುತ್ತದೆ. ಅದಕ್ಕೇ ಆ ದಿನದ ಅಡುಗೆಗೆ ಮೆಣಸಿನಪುಡಿಯನ್ನೂ ಮುಟ್ಟಿಸುವುದಿಲ್ಲ.

"ಕಾಲು ಬಿಗಿ ಮಾಡು ಅಂದೆ. ಲಿಪ್‌ಸ್ಟಿಕ್ ಹಚ್ಚು ಅಂದ್ನಾ?" ಅಂದ ಹಾರಿಮ್.

"ಕೆಫೆಯವ್ರಿಗೆ ಬಣ್ಣ ಅದ್ದಿದ ಹಳೇ ಮೇಜಿನ ಫೋಟೋ ಬೇಕಿತ್ತು ಮಗಾ. ಹೋದ ತಿಂಗಳು ಇದನ್ನ ಕೇಳ್ದಾಗ ನೀನು ಕೊಡಲ್ಲ ಅಂದೆ."

"ಅದಕ್ಕೆ ರಿಪೇರಿಗೆ ಬಂದಾಗ ನೀನು ಅದ್ದಿಬಿಟ್ಟೆ."

"ಥಿನ್ನರ್ ಹಾಕಿ ಉಜ್ಜಿದ್ರೆ ಹೋಗುತ್ತೆ ಅಂದ್ಕೊಂಡೆ."

"ಹೋಯ್ತಾ?"

"ಇಲ್ಲ." ಬೊಮ್ಸೊಕ್ ತಲೆ ಕೆರೆದುಕೊಂಡ. "ಅಜ್ಜಿ ಮೂರು ಹೊತ್ತೂ ಮೆಣಸಿನಪುಡಿ ಮೆತ್ತಿದ ಕಿಮ್ಚಿ ತಿಂತಿದ್ಲು. ಕೆಂಪಿಗೆಲ್ಲ ಹೆದರ್ತಾಳಾ?"

"ಆಗ ಬದುಕಿದ್ಲು ಕಣೋ."

ಇದೇ ಮೇಜಿನ ಮೇಲೆ ಬೊಮ್ಸೊಕ್ ಹತ್ತು ವರ್ಷ ಉಂಡವನು. ಎರಡನೇ ಮೊಮ್ಮಗ ಎಂದು ಅಜ್ಜಿ ಮೀನಿನ ದೊಡ್ಡ ತುಂಡನ್ನು ಅವನ ಬಟ್ಟಲಿಗೇ ಹಾಕುತ್ತಿದ್ದಳು. ಗೊತ್ತಿಲ್ಲದವನು ಮಾಡಿದ್ದರೆ ಹಾರಿಮ್ ಬೈದು ಮರೆಯುತ್ತಿದ್ದ. ಇವನಿಗೆ ಎಲ್ಲ ಗೊತ್ತಿತ್ತು.

ಹಾರಿಮ್ ಮೇಜನ್ನು ಬಗಲಲ್ಲಿ ಅವುಚಿಕೊಂಡು ಮನೆಗೆ ಬಂದು ಅಜ್ಜಿಯ ಬೀರು ಜಾಲಾಡಿದ. ಬಿಳೀ ಕಾಲುಚೀಲ ಎರಡು ಜೊತೆ ಸಿಕ್ಕವು. ನಾಲ್ಕೂ ಕಾಲಿಗೆ ತೊಡಿಸಿ ದಾರ ಕಟ್ಟಿದ. ಮೇಜು ಶಾಲೆಗೆ ಹೊರಟ ಮಗುವಿನಂತೆ ನಿಂತಿತು. ಎಷ್ಟು ಎಳೆದರೂ ಒಂದು ಕಾಲಿನಲ್ಲಿ ಬೆರಳಗಲ ಕೆಂಪು ಇಣುಕುತ್ತಲೇ ಇತ್ತು. ಅದನ್ನು ಗೋಡೆಯ ಕಡೆಗೆ ತಿರುಗಿಸಿದ.

ಅನ್ನ, ಸಾರು, ಮೀನು ಬಡಿಸಿ, ಅಜ್ಜಿ ಒಳಗೆ ಬರಲೆಂದು ಮುಂಬಾಗಿಲು ತೆರೆದ. ಹೊಸ್ತಿಲಾಚೆ ಬೊಮ್ಸೊಕ್ ಕರಿ ಕೋಟು ತೊಟ್ಟು ಮದ್ಯದ ಬಾಟಲಿ ಹಿಡಿದು ನಿಂತಿದ್ದ.

"ಬಾಗಿಲು ತೆಗೆದಿದೀಯ. ಬರ್ಲಾ?"

"ತೆಗೆದಿರೋದು ಅಜ್ಜಿಗೆ. ದಾರಿಗೆ ಅಡ್ಡ ನಿಲ್ಬೇಡ."

ಬೊಮ್ಸೊಕ್ ಪಕ್ಕಕ್ಕೆ ಸರಿದ. ಹೋಗಲಿಲ್ಲ. ಬಾಟಲಿ ಹಿಡಿದ ಬೆರಳುಗಳ ಉಗುರುಸಂದಿಯಲ್ಲಿ ಇನ್ನೂ ಕೆಂಪಿತ್ತು.

"ಕೈ ಜೇಬಲ್ಲಿಟ್ಕೋ," ಅಂದ ಹಾರಿಮ್. "ಅವಳು ಬರೋ ಹೊತ್ತು."