ಗೋಸುಂಬೆಗೆ ಉಸಿರು ಕಟ್ಟಿದ್ದು

ಮರದ ಸಾಮಾನಿಗೆ ಪಾಲಿಶ್ ಹೊಡೆಯುವುದು ಅವನ ಕಸುಬು. ಬಾಡಿಗೆಯವರು ಖಾಲಿ ಮಾಡಿಹೋಗಿದ್ದ ಮನೆಯೊಂದರಲ್ಲಿ ಬೀರುವಿನ ಬಾಗಿಲು ತೆಗೆದವನೇ ಬೆಚ್ಚಿ ಹಿಂದಕ್ಕೆ ಹಾರಿದ. ಒಳಗೊಂದು ಜಾಲರಿಯ ಗೂಡು, ಗೂಡಿನಲ್ಲೊಂದು ಗೋಸುಂಬೆ. ಮೈ ಕಡುಗಂದಾಗಿ, ಕಣ್ಣು ಗುಳಿಬಿದ್ದು, ಒಣಗಿದ ಕೊಂಬೆಗೆ ಅಂಟಿಕೊಂಡಿತ್ತು. ಸತ್ತಿದೆ ಅಂದುಕೊಳ್ಳುವಷ್ಟರಲ್ಲಿ ಒಂದು ಕಣ್ಣು ಮಾತ್ರ ಮೆಲ್ಲಗೆ ಹೊರಳಿ ಅವನನ್ನು ನೋಡಿತು.

ಮನೆಯ ಮಾಲೀಕನಿಗೆ ಫೋನ್ ಮಾಡಿದ. "ಹೋದವರು ಬಿಟ್ಟುಹೋಗಿದಾರೆ ಕಣಯ್ಯ. ಕಸದ ಜೊತೆ ಎಸೆದುಬಿಡು" ಎಂದು ಆ ಕಡೆಯಿಂದ ಉತ್ತರ ಬಂತು.

ಕಸದ ಚೀಲವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತ. ಜೀವ ಇರುವುದನ್ನು ಎಸೆಯಲು ಕೈ ಬರಲಿಲ್ಲ. ಸಂಜೆ ಗೂಡನ್ನು ಸ್ಕೂಟರಿನಲ್ಲಿ ಕಾಲ ನಡುವೆ ಇಟ್ಟುಕೊಂಡು ಮನೆಗೆ ತಂದ.

ಬಾಗಿಲಲ್ಲೇ ಅತ್ತೆ ಎದುರಾದರು. ಮಾವ ತೀರಿಕೊಂಡ ಮೇಲೆ ಅವರು ಮಗಳ ಮನೆಯಲ್ಲೇ ಇದ್ದರು. ಅಳಿಯ ಹತ್ತಿರ ಬಂದನೆಂದರೆ ಅವರಿಗೆ ಕೆಮ್ಮು ಒತ್ತರಿಸಿಕೊಂಡು ಬರುತ್ತಿತ್ತು. ಅವತ್ತೂ ಗೋಡೆ ಹಿಡಿದುಕೊಂಡು ಕೆಮ್ಮಿ, ಗೂಡಿನೊಳಗೆ ಇಣುಕಿ, "ಅಯ್ಯಯ್ಯೋ, ಊಸರವಳ್ಳಿ! ಮನೇಲಿ ಇರೋದು ಸಾಲದು ಅಂತ ಇದೊಂದು ಬೇರೆನಾ ಅಳಿಯಂದಿರೇ?" ಅಂದರು.

ಮನೆಯಲ್ಲಿರುವ ಆ ಇನ್ನೊಂದು ಊಸರವಳ್ಳಿ ತಾನೇ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಅತ್ತೆಯ ಕೆಮ್ಮಿಗೂ ಅವನು ತನ್ನದೇ ಅರ್ಥ ಹಚ್ಚಿದ್ದ. ಉಗುರಿನ ಸಂದಿಯಲ್ಲಿ ಸದಾ ಬಣ್ಣ ತುಂಬಿಕೊಂಡ ಅಳಿಯ ಅವರಿಗೆ ಹಿಡಿಸಿಲ್ಲ. ಬಾಯಿಬಿಟ್ಟು ಹೇಳಲಾರದೆ ಕೆಮ್ಮಿ ತೋರಿಸುತ್ತಾರೆ. ಗೆಳೆಯರ ಮುಂದೆ ಆ ಕೆಮ್ಮಿನ ನಕಲು ಮಾಡಿ ನಗಿಸಿದ್ದೂ ಉಂಟು. "ನಿಮ್ಮಮ್ಮಂಗೆ ನನ್ನ ಕಂಡ್ರೆ ಅಲರ್ಜಿ ಕಣೇ" ಎಂದು ಹೆಂಡತಿಯ ಬಳಿ ಗೊಣಗುತ್ತಿದ್ದ.

ಅವರದು ಎರಡೇ ಕೋಣೆಯ ಮನೆ. ಹಿಂದಿನ ಕೋಣೆಯಲ್ಲಿ ಅತ್ತೆಯ ಮಂಚ. ಮಂಚದ ಪಕ್ಕದ ಗೋಡೆಗೆ ಅವನ ಪಾಲಿಶ್ ಡಬ್ಬಗಳು, ಥಿನ್ನರ್ ಕ್ಯಾನುಗಳು, ಒದ್ದೆ ಅರಿವೆಗಳು. ಸಣ್ಣಪುಟ್ಟ ಸ್ಟೂಲು, ಕುರ್ಚಿ ಬಂದರೆ ಅಲ್ಲೇ ಕೂತು ಮುಗಿಸುತ್ತಿದ್ದ. ಹಸಿ ಪಾಲಿಶಿನ ಮೇಲೆ ಧೂಳು ಕೂರಬಾರದೆಂದು ಕಿಟಕಿ ಮುಚ್ಚಿಯೇ ಇರುತ್ತಿತ್ತು. ಬೆಚ್ಚಗಿರುತ್ತದೆ ಎಂದುಕೊಂಡು ಗೂಡನ್ನೂ ಆ ಡಬ್ಬಗಳ ಮೇಲಿನ ಹಲಗೆಯಲ್ಲಿಟ್ಟ.

ಗಂಡಹೆಂಡಿರು ಅದರ ಆರೈಕೆಗೆ ನಿಂತರು. ಅವಳು ತಾನು ಕೆಲಸಕ್ಕೆ ಹೋಗುವ ಲಾಂಡ್ರಿಯಿಂದ ನೀರು ಚಿಮುಕಿಸುವ ಬಾಟಲಿ ತಂದಳು. ಅವನು ಖಾಲಿ ಸೈಟಿನಲ್ಲಿ ಮಿಡತೆ ಹಿಡಿಯಲು ಹೋಗಿ ಮೊಣಕಾಲು ತರಚಿಕೊಂಡ. ಎಲೆಯ ಮೇಲಿನ ಹನಿಯನ್ನು ಅದು ನೆಕ್ಕಿದಾಗ ಮಗು ಹಾಲು ಕುಡಿದಷ್ಟೇ ಇಬ್ಬರಿಗೂ ಖುಷಿಯಾಯಿತು. ಆದರೆ ವಾರ ಕಳೆಯುವಷ್ಟರಲ್ಲಿ ಅದು ಮಿಡತೆಯ ಕಡೆ ತಿರುಗಿಯೂ ನೋಡದಾಯಿತು. ತಲೆ ಮೇಲೆತ್ತಿ, ಬಾಯಿ ತೆರೆದೇ ಕೂರುತ್ತಿತ್ತು. ಮೂಗಿನ ತುದಿಯಲ್ಲಿ ಸಣ್ಣ ಗುಳ್ಳೆ. ಕಿವಿಗೊಟ್ಟರೆ ಒಳಗಿನಿಂದ ಚಿಟಿಚಿಟಿ ಸದ್ದು.

ಇಬ್ಬರೂ ಅದನ್ನು ಪ್ರಾಣಿಗಳ ಆಸ್ಪತ್ರೆಗೆ ಒಯ್ದರು. ವೈದ್ಯೆ ಅದರ ತೆರೆದ ಬಾಯಿಗೆ ಟಾರ್ಚ್ ಹಿಡಿದು ನೋಡಿದರು. "ಶ್ವಾಸಕೋಶಕ್ಕೆ ಸೋಂಕಾಗಿದೆ. ಎಕ್ಸ್‌ರೇ, ರಕ್ತ ಪರೀಕ್ಷೆ ಮಾಡಿಸಿ, ಕೆಲವು ದಿನ ಇಲ್ಲೇ ಇಟ್ಕೋಬೇಕು" ಅಂದು ಖರ್ಚು ಹೇಳಿದರು.

ಅವನ ಕಿವಿ ಗುಂಯ್ ಅಂದಿತು. "ಡಾಕ್ಟ್ರೇ, ಅಷ್ಟಕ್ಕೆ ನನಗೇ ಒಂದು ಆಪರೇಶನ್ ಆಗಿಹೋಗುತ್ತೆ!"

"ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳಿ, ಅದರಲ್ಲಿ ನಾಚ್ಕೊಳ್ಳೋದೇನಿದೆ" ಅಂದರು ವೈದ್ಯೆ. "ದೊಡ್ಡ ಪರೀಕ್ಷೆ ಬಿಟ್ಟು ಆಗೋದನ್ನ ಮೊದಲು ಮಾಡೋಣ. ಹನಿ ಔಷಧಿ ಕೊಡ್ತೀನಿ. ಬೆಳಗಿನ ಬಿಸಿಲು ತೋರಿಸಿ. ಉಳಿಯುತ್ತೆ ಅಂತ ಮಾತ್ರ ಮಾತು ಕೊಡಲ್ಲ."

ಔಷಧಿ ಬರೆಯುತ್ತಿದ್ದವರು ತಟ್ಟನೆ ಮೂಗು ಅರಳಿಸಿದರು. ಗೂಡಿನತ್ತ ಬಾಗಿ, ಆಮೇಲೆ ಅವನ ಅಂಗಿಯತ್ತ ಬಾಗಿ ಮೂಸಿದರು.

"ಇದೇನು, ಥಿನ್ನರ್ ವಾಸನೆಯಾ?"

"ವಾಸನೆನಾ? ನನಗೇನೂ ಬರ್ತಿಲ್ವಲ್ಲ."

"ಇದನ್ನ ಎಲ್ಲಿಟ್ಟಿದೀರಿ?"

ಅವನು ಹಲಗೆ, ಡಬ್ಬ, ಮುಚ್ಚಿದ ಕಿಟಕಿ ಎಲ್ಲವನ್ನೂ ತುಸು ಹೆಮ್ಮೆಯಿಂದಲೇ ವಿವರಿಸಿದ. ವೈದ್ಯೆ ಪೆನ್ನು ಕೆಳಗಿಟ್ಟರು. "ಆ ಹೊಗೆಯಂಥ ಗಾಳೀಲಿ ಇದು ಇಷ್ಟು ದಿನ ಬದುಕಿರೋದೇ ಹೆಚ್ಚು. ಈಗಲೇ ಜಾಗ ಬದಲಾಯಿಸಿ. ಆ ಕೋಣೇಲಿ ಮನುಷ್ಯರು ಯಾರೂ ಮಲಗಲ್ಲ ತಾನೇ?"

ಪಕ್ಕದಲ್ಲಿದ್ದ ಹೆಂಡತಿಯೇ ಉತ್ತರಿಸಿದಳು. "ನಮ್ಮಮ್ಮ ಮಲಗ್ತಾರೆ."

"ಅವರಿಗೆ ಕೆಮ್ಮೇನಾದ್ರೂ ಇದೆಯಾ?"

ಹೆಂಡತಿ ಅವನತ್ತ ತಿರುಗಿದಳು. ಮದುವೆಯಾದಂದಿನಿಂದ ಆ ಮುಖದಲ್ಲಿ ಅಂಥ ನೋಟವನ್ನು ಅವನು ಕಂಡಿರಲಿಲ್ಲ. ಮೇಜಿನ ಅಂಚು ಹಿಡಿದುಕೊಂಡ. ಗೆಳೆಯರನ್ನು ನಗಿಸಿದ ಆ ಕೆಮ್ಮು ಈಗ ಅವನ ಕಿವಿಯೊಳಗೆ ಬೇರೆಯೇ ದನಿಯಲ್ಲಿ ಕೇಳಿಸುತ್ತಿತ್ತು.

ಮನೆಗೆ ಬಂದವನೇ ಗೂಡನ್ನು ಜಗುಲಿಯಲ್ಲಿಟ್ಟು, ಹಿಂದಿನ ಕೋಣೆಗೆ ನುಗ್ಗಿ ಕಿಟಕಿಯನ್ನು ಧಡಾರನೆ ತೆರೆದ. ಡಬ್ಬಗಳನ್ನು ಒಂದೊಂದಾಗಿ ಅಂಗಳಕ್ಕೆ ಹೊರತೊಡಗಿದ. ಮಂಚದ ಮೇಲೆ ಕೂತಿದ್ದ ಅತ್ತೆ ಕಕ್ಕಾಬಿಕ್ಕಿಯಾಗಿ, "ಏನಾಯ್ತು? ಕೆಲಸ ಬಿಟ್ರಾ?" ಅಂದರು.

"ಅತ್ತೆ, ನಿಮಗೆ ಕೆಮ್ಮು ಬರ್ತಿದ್ದಿದ್ದು ಇದರ ವಾಸನೆಗೆ."

"ಗೊತ್ತು" ಅಂದರು ಅತ್ತೆ.

ಕೈಯಲ್ಲಿದ್ದ ಕ್ಯಾನು ಜಾರಿ ನೆಲಕ್ಕೆ ಬಿತ್ತು. ವೈದ್ಯೆಯ ಮಾತು ಕೇಳಿದಾಗಲೂ ಅವನು ಹೀಗೆ ದಂಗಾಗಿರಲಿಲ್ಲ.

"ಗೊತ್ತಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಎಲ್ಲಿ ಕೂತು ಕೆಲಸ ಮಾಡ್ತಿದ್ರಿ? ಇರೋದೇ ಎರಡು ಕೋಣೆ. ಮನೆ ನಡೀತಿರೋದು ಆ ಡಬ್ಬದಿಂದ. ಮಗಳ ಮನೇಲಿ ಬಂದು ಕೂತಿರೋಳು ನಾನು, ಗಾಳಿ ಸರಿಯಿಲ್ಲ ಅಂತ ರಾಗ ತೆಗೆಯೋಕಾಗುತ್ತಾ?"

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬಂದು ಅಮ್ಮನ ಪಕ್ಕ ಕೂತಳು. ಅವನಿಗೆ ಕ್ಷಮೆ ಕೇಳಬೇಕೆನಿಸಿತು, ಆದರೆ ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಚೆಲ್ಲಿದ ಥಿನ್ನರನ್ನು ಒರೆಸತೊಡಗಿದ. "ಅದನ್ನ ಬಿಟ್ಟು ಮೊದಲು ಹೊರಗೆ ಬನ್ನಿ, ನಿಮ್ಮದೂ ಎದೆನೇ" ಎಂದು ಅತ್ತೆ ಅವನ ತೋಳು ಹಿಡಿದು ಎಬ್ಬಿಸಿದರು.

ಮರುದಿನ ಅವರನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದ. ಎದೆಗೆ ಆದ ಹಾನಿ ಪೂರ್ತಿ ಹೋಗುವುದಿಲ್ಲ, ಇನ್ನು ಹೆಚ್ಚಾಗದಂತೆ ನೋಡಿಕೊಳ್ಳಬಹುದು ಅಷ್ಟೇ ಎಂದು ಡಾಕ್ಟರು ಹೇಳಿ, ಬಾಯಿಗೆ ಹಿಡಿದು ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು. 'ಪೂರ್ತಿ ಹೋಗುವುದಿಲ್ಲ' ಎಂಬ ಮಾತು ಅವನ ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿಯಿತು. ಬಡಗಿಯೊಬ್ಬನ ಶೆಡ್ಡಿನ ಮೂಲೆ ಹಿಡಿದು ಕೆಲಸವನ್ನು ಅಲ್ಲಿಗೆ ಸಾಗಿಸಿದ. ಮನೆಗೆ ಬಂದರೆ ಹಿತ್ತಲಲ್ಲೇ ಅಂಗಿ ಬಿಚ್ಚಿ, ಮೈ ತೊಳೆದು ಒಳಗೆ ಕಾಲಿಡುತ್ತಿದ್ದ.

ಗೋಸುಂಬೆಗೆ ಹೊತ್ತುಹೊತ್ತಿಗೆ ಹನಿ ಹಾಕುವ ಕೆಲಸ, ಹಗಲು ಮನೆಯಲ್ಲಿರುವ ಅತ್ತೆಯ ಪಾಲಿಗೆ ಬಂತು. ಮೊದಲು ಮುಖ ಆ ಕಡೆ ತಿರುಗಿಸಿಕೊಂಡೇ ಹಾಕುತ್ತಿದ್ದರು. ಆಮೇಲೆ ಬೈಯುತ್ತಾ ಹಾಕತೊಡಗಿದರು. "ಬಾಯಿ ತೆಗೆಯೋ, ಮೂದೇವಿ. ನಿಂಗೊಬ್ಬಂಗೇನಾ ಔಷಧಿ ಕಹಿ?"

ಒಂದು ಸಂಜೆ ಹಿತ್ತಲಲ್ಲಿ ಮೈ ತೊಳೆಯುತ್ತಿದ್ದವನಿಗೆ ಜಗುಲಿಯಿಂದ ಅತ್ತೆಯ ಕಿರುಚಾಟ ಕೇಳಿಸಿತು. ಒದ್ದೆ ಮೈಯಲ್ಲೇ ಓಡಿದ. ಅತ್ತೆ ನೆಲದ ಮೇಲೆ ಕೂತಿದ್ದರು. ಮಿಡತೆ ಹಿಡಿದಿದ್ದ ಚಿಮಟ ದೂರ ಬಿದ್ದಿತ್ತು. ಗೂಡಿನಲ್ಲಿ ಗೋಸುಂಬೆಯ ದವಡೆ ಆಡುತ್ತಿತ್ತು. ಅದರ ಪಕ್ಕೆಯಲ್ಲಿ ಎಳೆಹಸಿರು ಮೂಡಿತ್ತು.

"ನಾಲಿಗೆ!" ಎಂದು ಏದುಸಿರು ಬಿಡುತ್ತಾ ಅತ್ತೆ ತಮ್ಮ ಮೊಣಕೈವರೆಗೆ ಅಳೆದು ತೋರಿಸಿದರು. "ಇಷ್ಟುದ್ದ! ಜೀವ ಬಾಯಿಗೆ ಬಂತು ನನಗೆ. ಇನ್ನೊಂದು ಮಿಡತೆ ಇದ್ರೆ ತನ್ನಿ, ನೀವೂ ನೋಡುವಿರಂತೆ."