ಉಜ್ಜಪ್ಪ ಕೇಳಿದ್ದು

ಮೈಕಿನ ತಲೆಗೆ ಹಾಕಿದ ಕೆಂಪು ಸ್ಪಂಜನ್ನು ಯಾರೋ ಉಗುರಿನಿಂದ ಕಿತ್ತು ಕಿತ್ತು ಒಂದು ಕಡೆ ಬೋಳು ಮಾಡಿದ್ದಾರೆ, ಭಾಷಣಕ್ಕೆ ನಿಂತು ಹೆದರಿದವರೇ ಇರಬೇಕು, ನನಗಂತೂ ಆ ಹೆದರಿಕೆ ಹೋಗಿ ಎರಡು ವರ್ಷವಾಯಿತು — ಶಿಕಾರಿಪುರದ ಇದೇ ಸಭಾಂಗಣ, ಇದೇ ಕಿರ್ ಕಿರ್ ಫ್ಯಾನು, ಫೆಬ್ರವರಿಯಲ್ಲಿ ತರಬೇತಿಗೆ ಬಂದಾಗ ಕೆಳಗೆ ಎರಡನೇ ಸಾಲಿನಲ್ಲಿ ಕೂತಿದ್ದೆ, ಇವತ್ತು ವೇದಿಕೆಯ ಮೇಲೆ, ಬೆನ್ನ ಹಿಂದಿನ ಬ್ಯಾನರಿನಲ್ಲಿ ನನ್ನದೇ ಫೋಟೋ, ಬದಲಾವಣೆಯ ಕಾಲದ ಕ್ರಿಯಾಶೀಲ ನಾಯಕಿ, ನೀಲಾಂಬಿಕ, ಗ್ರಾಮ ಪಂಚಾಯಿತಿ ಅಧ್ಯಕ್ಷರು, ಸೊರಬ ತಾಲ್ಲೂಕು. ಇನ್ನಿಬ್ಬರ ಭಾಷಣ ಮುಗಿದರೆ ನನ್ನ ಸರದಿ. ಐದೇ ನಿಮಿಷ ಮೇಡಂ, ಮಂಗನ ಕಾಯಿಲೆಯಿಂದ ಊರು ಹೆಂಗ ಉಳಿಸಿದ್ರಿ ಅಂತ ಹೇಳಿಬಿಡ್ರಿ ಸಾಕು, ಎಂದಿದ್ದಾರೆ ಗುರುಪ್ರಕಾಶ್ ಸರ್, ಅವತ್ತು ತರಬೇತಿ ಕೊಟ್ಟವರೂ ಅವರೇ. ಊರು ಉಳಿಸಿದೆ, ಹೌದು. ಮೂರನೇ ಸಾಲಿನಲ್ಲಿ ಉಜ್ಜಪ್ಪನ ಹೆಂಡತಿ ಹನುಮಮ್ಮ ಕೂತಿದ್ದಾಳೆ, ನಾನು ಕರೆಯಲಿಲ್ಲ, ಬೆಳಿಗ್ಗೆ ಜೀಪು ಹೊರಡುವಾಗ ಬಂದು ನಿಂತಳು, ನಾನೂ ಬತ್ತೀನಿ ಅಕ್ಕಾರೆ, ನಿಮ್ಗೆ ಶಾಲು ಹೊದ್ಸೋದು ನೋಡ್ಬೇಕು, ಗಂಡ ಸತ್ತು ನಾಲ್ಕು ತಿಂಗಳೂ ತುಂಬಿಲ್ಲ, ಬೇಡ ಅನ್ನಲು ನನಗೆ ಯಾವ ಬಾಯಿ.

ಬಾಯಿ ಅಂದರೆ ಆ ಮೊದಲ ಸಭೆ, ಮೀಸಲಾತಿಯಲ್ಲಿ ಗೆದ್ದು ಕುರ್ಚಿಯ ತುದಿಯಲ್ಲಿ ಕೂತಿದ್ದೆ, ಬೀದಿ ದೀಪದ ವಿಷಯ ಬಂತು, ನೋಡಿ ಹೇಳ್ತೀನಿ ಎಂದೆ ಅಷ್ಟೇ, ಸಭೆಯೆಲ್ಲ ಕಿಸಕ್ಕೆಂದಿತು, ಮೆಂಬರು ಮಾಸ್ತಪ್ಪ, ಹೂಂ ಕಣಮ್ಮ, ಯತೀಶಣ್ಣನ್ನ ಕೇಳ್ಕಂಡು ಬಂದೇ ಹೇಳು, ಅವಸರ ಇಲ್ಲ ಅಂದ, ಯತೀಶ ನನ್ನ ಗಂಡ, ಪಾಪ, ಗದ್ದೆ ಎಮ್ಮೆ ಬಿಟ್ಟರೆ ಅವರಿಗೆ ಬೇರೆ ಗೊಡವೆಯೇ ಇಲ್ಲ. ಅವತ್ತೇ ಹಠ ಹಿಡಿದೆ, ನೋಡಿ ಹೇಳ್ತೀನಿ ಎನ್ನುವ ಮಾತು ಇನ್ನು ಈ ಬಾಯಲ್ಲಿ ಬರಕೂಡದು, ಕೇಳಿದ ಕ್ಷಣ ಹೂಂ, ಇಲ್ಲವೇ ಉಹೂಂ. ಮೊದಲು ಬೈದರು, ಗಂಡುಬೀರಿ ಅಂದರು, ಆಮೇಲೆ ಅವರೇ ಅಧ್ಯಕ್ಷರ ಮಾತು ಅಂದ್ರೆ ಕಡ್ಡಿ ತುಂಡು ಮಾಡ್ದಂಗೆ ಎನ್ನತೊಡಗಿದರು, ನಾನೂ ಉಬ್ಬಿದೆ, ಯಾಕೆ ಉಬ್ಬಬಾರದು. ಈ ಬೇಸಿಗೆಗೆ ಮುಂಚೆಯೇ ಕಾಡಂಚಿನಲ್ಲಿ ಜ್ವರದ ಸುದ್ದಿ ಎದ್ದಾಗ ಸುತ್ತಲಿನ ಪಂಚಾಯಿತಿಗಳು ಇನ್ನೂ ಸಭೆ ಕರೆಯುತ್ತಿದ್ದವು, ನಾನು ಆಗಲೇ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ಮನೆಮನೆಗೆ ಹಂಚಿಸಿದ್ದೆ, ತರಗೆಲೆಗೆ ಕಾಡಿಗೆ ಹೋಗಬೇಡಿ, ಸತ್ತ ಮಂಗ ಮುಟ್ಟಬೇಡಿ, ಅದರ ಮೈಯ ಉಣುಗು ಕಚ್ಚಿದರೆ ಜೀವಕ್ಕೇ ಬರುತ್ತದೆ ಅಂತ ಡಂಗುರ ಸಾರಿಸಿದ್ದೆ. ಸಾರಿದ್ದು ಉಜ್ಜಪ್ಪ, ಎಣ್ಣೆ ಹಂಚಿದ್ದೂ ಉಜ್ಜಪ್ಪ, ಪಂಚಾಯಿತಿಯ ನೀರುಗಂಟಿ, ದಿನಾ ವಾಲ್ವು ತಿರುಗಿಸಿ ಊರಿಗೆ ನೀರು ಬಿಡುವವನು, ಯಾವ ಕೆಲಸ ಹೇಳಿದರೂ ಆಯ್ತು ಅಕ್ಕಾರೆ ಎನ್ನುವುದೇ ಅವನಿಗೆ ಗೊತ್ತಿದ್ದದ್ದು.

ತರಬೇತಿಯ ದಿನ ಹನ್ನೊಂದೂವರೆ, ಪರದೆಯ ಮೇಲೆ ಗುಡ್ಡದ ಚಿತ್ರ, ಓಣ್ಯಾಗ ನಿಂತ್ರೆ ಓಣಿ ಅಷ್ಟೇ ಕಾಣ್ತತಿ, ಗುಡ್ಡ ಹತ್ತಿದ್ರೆ ಇಡೀ ಊರು ಕಾಣ್ತತಿ ನೋಡ್ರಿ, ನಾಯಕ ಆದವ ಗುಡ್ಡದ ಮ್ಯಾಲೆ ನಿಂತು ಯೋಚ್ನೆ ಮಾಡ್ಬೇಕು, ತಡ ಮಾಡ್ದೆ ಕೆಲ್ಸಕ್ಕೆ ಇಳೀಬೇಕು, ಎಂದು ಸರ್ ಹೇಳುತ್ತಿರುವಾಗಲೇ ನನ್ನ ಫೋನು, ಉಜ್ಜಪ್ಪನದು. ಅಕ್ಕಾರೆ, ನೀರಿನ ಟ್ಯಾಂಕಿನ ಬುಡದಲ್ಲಿ ಮಂಗ ಸತ್ತು ಬಿದ್ದದೆ, ಊರೋರು ಡೊಳ್ಳು ತರಕ್ಕೆ ಹೋಗಿದಾರೆ, ಆಂಜನೇಯ ಸ್ವಾಮಿ ಅಲ್ವಾ, ಹಂಗೇ ಬಿಡಬಾರ್ದು, ಚಟ್ಟ ಕಟ್ಟಿ ಮೆರವಣಿಗೆ ಮಾಡಿ ಮಣ್ಣು ಮಾಡ್ತಾರಂತೆ. ಇಡೀ ಊರು ಕಂಡಿತು ನನಗೆ, ಗುಡ್ಡದ ಮೇಲಿಂದ ಕಂಡ ಹಾಗೆಯೇ, ಚಟ್ಟಕ್ಕೆ ಹೆಗಲು ಕೊಡುವವರು, ಹೂವೇರಿಸಿ ಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಹೆಂಗಸರು, ಕಂಕುಳಲ್ಲಿ ಕೂಸುಗಳು, ತಣ್ಣಗಾದ ಮೈಯಿಂದ ಇಳಿದು ಹರಡುವ ಉಣುಗು, ನಾಲ್ಕುನೂರು ಜನ. ಆಸ್ಪತ್ರೆಯವರಿಗೆ ಹೇಳಿದೆಯಾ ಅಂದೆ, ಹೇಳ್ದೆ, ದೂರದಲ್ಲಿದಾರಂತೆ, ಎರಡು ತಾಸು ಆಗ್ತದಂತೆ. ಎರಡು ತಾಸಿಗೆ ಎಲ್ಲ ಮುಗಿದೇ ಹೋಗಿರುತ್ತದೆ. ಎತ್ತು ಅಂದೆ, ಅವರು ಡೊಳ್ಳು ತರುವುದರೊಳಗೆ ಎತ್ತಿ ಊರಾಚೆ ಗುಂಡಿಗೆ ಹಾಕಿ ಮುಚ್ಚಿಬಿಡು. ಆಗ ಅವನು ಕೇಳಿದ, ನಾನು ಮುಟ್ಲಾ ಅಕ್ಕಾರೆ? — ಮುಟ್ಟಬೇಡಿ ಅಂತ ಬೀದಿ ಬೀದಿ ಸಾರಿದವನು, ಅವನಿಗೆ ಗೊತ್ತಿಲ್ಲವೇ, ಗೊತ್ತಿದ್ದೇ ಕೇಳಿದ, ನಾನು ಬೇಡ ಅನ್ನಲಿ ಎಂದೇ ಕೇಳಿದ. ಸರ್ ಮಾತು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು, ಸಾಲಿಗೆ ಸಾಲೇ ತಿರುಗಿ ನೋಡುತ್ತಿತ್ತು, ಒಬ್ಬ ಮುಟ್ಟಿದರೆ ನಾಲ್ಕುನೂರು ಜನ ಮುಟ್ಟುವುದು ತಪ್ಪುತ್ತದೆ ಎಂದು ನನ್ನ ತಲೆ ಲೆಕ್ಕ ಹಾಕಿತು, ಹಾಕಿದ್ದು ನಿಜ, ಸುಳ್ಳೇಕೆ ಹೇಳಲಿ, ಹೂಂ ಮುಟ್ಟು, ಬೇಗ, ಗೊಬ್ಬರದ ಚೀಲ ಕೈಗೆ ಸುತ್ತಿಕೊ, ಎಂದೆ. ಆಯ್ತು ಅಕ್ಕಾರೆ ಅಂದ. ಫೋನಿಟ್ಟ ಮೇಲೆ ಸರ್, ನೋಡ್ರಿ, ನಾಯಕತ್ವ ಅಂದ್ರ ಇದು, ಎಂದು ಎಲ್ಲರಿಂದ ಚಪ್ಪಾಳೆ ಹೊಡೆಸಿದರು, ನನಗೆ ಖುಷಿಯಾಗಿತ್ತು.

ಐದನೇ ದಿನ ಜ್ವರ, ಆಮೇಲೆ ವಸಡಿನಲ್ಲಿ ರಕ್ತ, ಹನ್ನೊಂದನೇ ದಿನ ಉಜ್ಜಪ್ಪ ಇಲ್ಲ. ಊರಲ್ಲಿ ಮತ್ತೊಬ್ಬರಿಗೆ ಬರಲಿಲ್ಲ, ಒಂದು ಕೂಸಿನ ಮೈಯೂ ಬಿಸಿಯಾಗಲಿಲ್ಲ, ನನ್ನ ಲೆಕ್ಕ ಸರಿ ಬಂತು, ಸರಿ ಬಂದದ್ದಕ್ಕೇ ಈ ಎದೆ ಹೀಗೆ ಉರಿಯುವುದು, ತಪ್ಪಾಗಿದ್ದರೆ ಗೋಳೋ ಎಂದು ಅತ್ತಾದರೂ ಬಿಡುತ್ತಿದ್ದೆ. ಮೂರನೇ ದಿನದ ಕಾರ್ಯಕ್ಕೆ ಹೋದಾಗ ಹನುಮಮ್ಮ ನನ್ನ ಮುಖ ನೋಡಿ ಕೇಳಿದಳು, ಊರಿಗೆಲ್ಲ ಮುಟ್ಬ್ಯಾಡಿ ಅಂದೋರು ತಾವ್ಯಾಕೆ ಮುಟ್ಟಿದ್ರು ಅಕ್ಕಾರೆ? ನಾನು ಬಾಯಿ ತೆರೆಯುವ ಮೊದಲೇ ಮಾಸ್ತಪ್ಪ, ಭಕ್ತಿ ಕಣಮ್ಮ, ಶನಿವಾರ ತಪ್ಪಿಸ್ದೆ ಒಪ್ಪತ್ತು ಮಾಡ್ತಿದ್ದ ಮನುಷ್ಯ, ಸ್ವಾಮಿ ಸೇವೆ ಮಾಡಿ ಹೋದ, ಪುಣ್ಯವಂತ, ಎಂದ. ನಾನು ತಲೆಯಾಡಿಸಿದೆ. ಕಡ್ಡಿ ತುಂಡು ಮಾಡುವವಳು ತಲೆಯಾಡಿಸಿ ಮಂಡಕ್ಕಿ ತಟ್ಟೆ ನೋಡುತ್ತಾ ಕೂತೆ. ತಾಲ್ಲೂಕಿಗೆ ಹೋದ ವರದಿಯಲ್ಲೂ ಅದೇ, ಭಕ್ತಿಯಿಂದ, ಸ್ವಇಚ್ಛೆಯಿಂದ, ಕೆಳಗೆ ನನ್ನ ಸಹಿ. ಈಗ ಹೇಳಿದರೆ ಪುಣ್ಯವಂತನ ಹೆಂಡತಿ ಎಂಬ ಆ ಒಂದು ಸಮಾಧಾನವನ್ನೂ ಅವಳಿಂದ ಕಿತ್ತುಕೊಂಡ ಹಾಗೆ, ಹೇಳದಿದ್ದರೆ ಈ ಶಾಲು ಮೈಮೇಲೆ ನಿಲ್ಲುವುದಾದರೂ ಹೇಗೆ.

ಕೆಳಗೆ ಯಾರದೋ ಫೋನು, ಸ್ಪೀಕರಿನಲ್ಲಿ ಹೆಣ್ಣು ದನಿ, ಎಲ್ಲಿದೀರಿ, ಊಟಕ್ಕೆ ಬರ್ತೀರೋ ಇಲ್ಲೋ, ಎಲ್ಲರೂ ನಕ್ಕರು — ಸ್ಪೀಕರು. ಉಜ್ಜಪ್ಪನಿಗೆ ಕಿವಿ ಮಂದ, ಅವನು ಯಾವತ್ತೂ ಸ್ಪೀಕರು ಹಾಕಿಯೇ ಮಾತಾಡುತ್ತಿದ್ದದ್ದು, ಅಂಗೈಯಲ್ಲಿ ರೊಟ್ಟಿ ಹಿಡಿದ ಹಾಗೆ ಫೋನು ಹಿಡಿದು. ಆ ಮೂರನೇ ದಿನ ಅವಳು ಇನ್ನೊಂದು ಮಾತೂ ಆಡಿದ್ದಳಲ್ಲ, ಅವತ್ತು ತಿಂಡಿ ಕೊಟ್ಟು ಟ್ಯಾಂಕಿನ ಕಟ್ಟೆ ಮ್ಯಾಲೆ ಅಲ್ಲೇ ಕುಂತಿದ್ದೆ ಅಕ್ಕಾರೆ, ನಾನು ಕೇಳಿಸಿಕೊಳ್ಳಲೇ ಇಲ್ಲ, ಅಯ್ಯೋ ದೇವರೇ, ಅಲ್ಲೇ ಕೂತಿದ್ದಳು, ಮುಟ್ಲಾ ಅಂದದ್ದು ಕೇಳಿದ್ದಾಳೆ, ಹೂಂ ಅಂದದ್ದು ಕೇಳಿದ್ದಾಳೆ, ಎಲ್ಲ ಗೊತ್ತಿದ್ದೇ ನನ್ನನ್ನು ಕೇಳಿದಳು, ನಾನು ತಲೆಯಾಡಿಸಿದ್ದನ್ನು ನೋಡಿದಳು, ಶಾಲು ನೋಡಲು ಬಂದವಳಲ್ಲ ಇವಳು. ನನ್ನ ಹೆಸರು ಕರೆದರು, ಕಾಲು ತಾನಾಗಿಯೇ ನಡೆಯಿತು, ಉಗುರು ತಾನಾಗಿಯೇ ಸ್ಪಂಜು ಕೀಳುತ್ತಿದೆ, ಎಲ್ಲರಿಗೂ ನಮಸ್ಕಾರ, ಉಜ್ಜಪ್ಪ ಮುಟ್ಲಾ ಅಂತ ನನ್ನನ್ನು ಕೇಳಿದ, ಅವನಿಗೆ ಹೆದರಿಕೆ ಇತ್ತು, ಮುಟ್ಟು ಅಂದವಳು ನಾನು, ಭಕ್ತಿ ಅಂತ ಬರೆದದ್ದು ಸುಳ್ಳು, ಅವನನ್ನು ಕೊಂದವಳು ನಾನು — ಹೇಳಿಬಿಟ್ಟೆ, ಗುರುಪ್ರಕಾಶ್ ಸರ್ ಎದ್ದು ನಿಂತರು, ಕಣ್ಣಲ್ಲಿ ನೀರು, ಇಂಥಾ ಕಠಿಣ ನಿರ್ಧಾರ ತಗೊಳ್ಳಾಕ ಗುಂಡಿಗೆ ಬೇಕ್ರಿ, ಒಪ್ಪಿಕೊಳ್ಳಾಕ ಇನ್ನೂ ದೊಡ್ಡ ಗುಂಡಿಗೆ ಬೇಕು, ಎಂದು ಚಪ್ಪಾಳೆ ಹೊಡೆದರು, ಸಭೆಯೇ ಎದ್ದು ಚಪ್ಪಾಳೆ ಹೊಡೆಯಿತು, ಬೇಡ, ಹೊಡೆಯಬೇಡಿ, ನಿಲ್ಲಿಸಿ, ಹೆಗಲ ಮೇಲೆ ಶಾಲು ಬಿತ್ತು, ಎದ್ದವರ ನಡುವಿನ ಸಂದಿಯಲ್ಲಿ ಕೂತೇ ಇದ್ದಾಳೆ ಹನುಮಮ್ಮ, ಮಡಿಲಲ್ಲಿ ಅವಳ ಎರಡು ಕೈ, ಅಂಗೈ ಮೇಲೆ ಮಾಡಿ ಇಟ್ಟ ಎರಡು ಕೈ, ಅಲುಗುತ್ತಿಲ್ಲ, ಆ ಎರಡು ಕೈ