‘ನಾನಲ್ಲ’ ಎಂದವರ ಪಾಡು

ಆ ಆಸ್ಪತ್ರೆಗೆ ನಾಲ್ಕು ಊರುಗಳಲ್ಲಿ ಶಾಖೆ. ಎಲ್ಲ ಶಾಖೆಗಳ ಕಂಪ್ಯೂಟರುಗಳೂ ಒಂದನ್ನೊಂದು ನಂಬಿಕೊಂಡಿದ್ದವು. ಒಂದು ಕಡೆ ಒಳಗೆ ಬಿಟ್ಟವರನ್ನು ಮಿಕ್ಕವು ಯಾರು ಏನೆಂದು ಕೇಳುತ್ತಿರಲಿಲ್ಲ. ಅವುಗಳ ಕಾವಲು ಒಬ್ಬ ಹೆಂಗಸಿನದು. ಕೆಲಸದಲ್ಲಿ ಮಹಾ ಚುರುಕು, ಬಾಯಿಯೂ ಅಷ್ಟೇ ಚುರುಕು. ಬೆನ್ನ ಹಿಂದೆ ಎಲ್ಲರೂ ಅವಳನ್ನು ಪೊಲೀಸಮ್ಮ ಎನ್ನುತ್ತಿದ್ದರು.

ಯಾರಾದರೂ ಲಾಗಿನ್ ಆದರೆ ಅವರ ಮೊಬೈಲಿಗೆ ಪ್ರಶ್ನೆ ಬರುತ್ತಿತ್ತು: ‘ಇದು ನೀವೇನಾ?’ ಹೌದು ಎಂದರೆ ಸರಿ. ಅಲ್ಲ ಎಂದರೆ ಖಾತೆ ಬಂದ್, ಮೇಲಿಂದ ಪೊಲೀಸಮ್ಮನ ಫೋನು. ಪಾಸ್‌ವರ್ಡ್ ಯಾರಿಗೆ ಕೊಟ್ಟಿರಿ, ತಲೆ ಎಲ್ಲಿಟ್ಟಿದ್ದಿರಿ? ರೋಗಿಗಳು ಸಾಲುಗಟ್ಟಿ ಕೂತಿದ್ದರೂ ಆ ವಿಚಾರಣೆ ಮುಗಿಯುತ್ತಿರಲಿಲ್ಲ. ಜನಕ್ಕೆ ಸಾಕುಸಾಕಾಗಿ, ಪ್ರಶ್ನೆ ಬಂದರೆ ಕಣ್ಣುಮುಚ್ಚಿ ‘ಹೌದು’ ಒತ್ತತೊಡಗಿದರು. ‘ಅಲ್ಲ’ ಎನ್ನುವವರೇ ಇಲ್ಲವಾದರು. ಅಂತೂ ಎಲ್ಲರೂ ದಾರಿಗೆ ಬಂದರೆಂದು ಇವಳು ಒಳಗೊಳಗೇ ಹಿಗ್ಗಿದಳು, ಪುಣ್ಯಾತ್ಗಿತ್ತಿ.

ಒಂದು ಬೆಳಿಗ್ಗೆ ನಾಲ್ಕೂ ಶಾಖೆಗಳ ಪರದೆಗಳು ಕಪ್ಪಾದವು. ಒಳಹೊಕ್ಕ ಕಳ್ಳರು ನಕಲು ಪ್ರತಿಗಳನ್ನೂ ಬಿಡದೆ ಎಲ್ಲವನ್ನೂ ಅಳಿಸಿದ್ದರು. ಯಾವ ಕ್ಯಾನ್ಸರ್ ರೋಗಿಯ ಮೈಯ ಯಾವ ಜಾಗಕ್ಕೆ ಎಷ್ಟು ರೇಡಿಯೇಶನ್ ಕೊಟ್ಟಾಗಿದೆ ಎಂಬ ಲೆಕ್ಕವೂ ಹೋಯಿತು. ಅದರಲ್ಲಿ ಪೊಲೀಸಮ್ಮನ ಅಕ್ಕನದೂ ಇತ್ತು. ಅಕ್ಕನಿಗೆ ಅರ್ಧ ಚಿಕಿತ್ಸೆ ಆಗಿತ್ತಷ್ಟೆ. ನಡುವೆ ನಿಂತರೆ ಗಡ್ಡೆ ಮತ್ತೆ ಬೆಳೆಯುತ್ತದೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು.

ಕಳ್ಳರು ಬಂದದ್ದು ರೇಡಿಯೇಶನ್ ವಿಭಾಗದ ನರ್ಸೊಬ್ಬಳ ಖಾತೆಯಿಂದ. ಪೊಲೀಸಮ್ಮ ಓಡಿದಳು.

“ಸಿಸ್ಟರ್, ನಿನ್ನೆ ಲಾಗಿನ್ ಆಗಿದ್ದು ನೀವೇನಾ?”

“ಇಲ್ಲ ಮೇಡಂ, ಮನೇಲಿ ಊಟ ಮಾಡ್ತಿದ್ದೆ.”

“ಮತ್ತೆ ಹೌದು ಅಂತ ಯಾಕೆ ಒತ್ತಿದ್ರಿ?”

“ಅಲ್ಲ ಅಂದ್ರೆ ನೀವು ಫೋನ್ ಮಾಡ್ತೀರಲ್ಲ ಮೇಡಂ.” ನರ್ಸಿನ ಕಣ್ಣು ತುಂಬಿತು. “ಹೋದ ಸಲ ನಿಜ ಹೇಳಿದ್ದಕ್ಕೆ ಎಲ್ಲರೆದುರು ಅಳಿಸಿಬಿಟ್ರಿ.”

ಇದು ತಾನೇ ಕಲಿಸಿದ ಪಾಠವೆಂದು ತಿಳಿದ ಪೊಲೀಸಮ್ಮ ಅಕ್ಕನ ಡಾಕ್ಟರ ಬಳಿಗೆ ಹೋದಳು.

ಡಾಕ್ಟರು ಅವಳ ಮುಖ ನೋಡಲಿಲ್ಲ. “ಇಲ್ಲೀವರೆಗೆ ಎಷ್ಟು ಕೊಟ್ಟಿದೀವಿ ಅಂತ ಗೊತ್ತಿಲ್ದೆ ಬೇರೆ ಆಸ್ಪತ್ರೆಯೋರೂ ಮುಟ್ಟಲ್ಲಮ್ಮ. ಯಾರ ಕೈಲೂ ಏನೂ ಆಗಲ್ಲ.”

ಹೊರಗೆ ಬೆಂಚಿನ ಮೇಲೆ ಅಕ್ಕ ಕೂತಿದ್ದಳು.

“ಏನಾಯ್ತೇ? ಎಲ್ಲರೂ ಗಾಬರಿಯಾಗಿದಾರೆ.”

“ಕಂಪ್ಯೂಟರ್ ತೊಂದರೆ ಅಕ್ಕ.”

“ಅಷ್ಟೇನಾ? ನೀನೇ ನೋಡ್ಕೊಳ್ತಿರೋವಾಗ ನನಗ್ಯಾವ ಭಯ.”

ದಿನವೂ ರೇಡಿಯೇಶನ್ನಿಗೆ ಹೋಗುವ ಮುಂಚೆ ಮಾಡುವಂತೆ ಅಕ್ಕ ಕೈಗಡಿಯಾರ ಬಿಚ್ಚಿ ತಂಗಿಯ ಕೈಗಿಟ್ಟು, ಒಳಗಿನಿಂದ ತನ್ನನ್ನು ಕರೆಯುತ್ತಾರೆಂದು ಕಾಯತೊಡಗಿದಳು.